ಹೆಸರಿಲ್ಲದ ಫ್ರೇಮಿನ ಕುಲ

ಚಾಮರಾಜನಗರ, ಗುಂಡ್ಲುಪೇಟೆಯ ಸೈಕಲ್ ಶಾಪುಗಳಲ್ಲಿ ಕೈ ಪಳಗಿರುವುದು ಉಕ್ಕಿನ ಮೇಲೆ. ಹೀರೋ, ಅಟ್ಲಾಸ್, ಹರ್ಕ್ಯುಲಿಸ್. ಆಮೇಲೆ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು. ಅಂಥಲ್ಲಿಗೆ ಬಣ್ಣ ಹೋದ, ಹೆಸರೇ ಇಲ್ಲದ ಹಳೆಯ ಅಲ್ಯೂಮಿನಿಯಂ ಫ್ರೇಮೊಂದು ಬಂದರೆ ಅದರ ಕುಲ ಪತ್ತೆಹಚ್ಚುವುದೇ ಸೊಗಸು.

ಅಯಸ್ಕಾಂತ ಅಂಟದಿದ್ದರೆ ಮೊದಲ ಸುಳಿವು. ಮುಂದೆ ಕೀಲುಗಳನ್ನು ನೋಡಬೇಕು. ಕೊಳವೆ ಸಣ್ಣಗಿದ್ದು ಬೆಸುಗೆಯೇ ಕಾಣದಿದ್ದರೆ ಅಂಟಿನಿಂದ ಕೂಡಿಸಿದ್ದಿರಬಹುದು. ಇಟಲಿಯ ಅಲಾನ್, ಫ್ರಾನ್ಸಿನ ವೀಟುಸ್ ಹೀಗೆ ಮಾಡುತ್ತಿದ್ದವು. ಕೊಳವೆ ದಪ್ಪಗಿದ್ದು ಬೆಸುಗೆ ಇದ್ದರೆ ಬಹುಮಟ್ಟಿಗೆ 1980ರ ಈಚಿನದು.

ನನಗೆ ಅತಿ ಪ್ರಿಯವಾದ ಸಾಕ್ಷಿ ಪೆಡಲ್ ತೋಳುಗಳ ಅಚ್ಚು ಕೂರುವ ಗೂಡು. ಅಗಲ 70 ಮಿ.ಮೀ., ಎರಡೂ ಕಡೆ ಬಲ ಥ್ರೆಡ್ಡು ಇದ್ದರೆ ಇಟಲಿಯ ಪದ್ಧತಿ. 68 ಮಿ.ಮೀ., ಚೈನಿನ ಕಡೆ ಎಡ ಥ್ರೆಡ್ಡು ಇದ್ದರೆ ಇಂಗ್ಲಿಷ್ ಪದ್ಧತಿ. ಬಣ್ಣ, ಸ್ಟಿಕ್ಕರ್ ಬದಲಾದರೂ ಈ ಥ್ರೆಡ್ಡು ಸುಳ್ಳು ಹೇಳುವುದು ಅಪರೂಪ.

ರಿಪೇರಿಯಲ್ಲಿ ಮಾತ್ರ ಉಕ್ಕಿನ ಅಭ್ಯಾಸ ಬಿಡಬೇಕು. ಬಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡಬಾರದು. ಬಿಸಿ ಮಾಡಿದರೆ ಲೋಹ ಮೆದುವಾಗುತ್ತದೆ, ಅಂಟಿನ ಕೀಲಾದರೆ ಬಿಟ್ಟೇಹೋಗುತ್ತದೆ. ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಹಚ್ಚಿದರೆ ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಫ್ರೇಮನ್ನು ಗೋಡೆಗೆ ನೇತುಹಾಕಬೇಕು, ರಸ್ತೆಗೆ ಇಳಿಸಬಾರದು. ಗಟ್ಟಿಯಿದ್ದರೆ ಸೋಪುನೀರು, ಮೆತ್ತನೆ ಬಟ್ಟೆ, ಹೊಸ ಬೇರಿಂಗು, ಸೀಟಿನ ಕಂಬಕ್ಕೆ ತೆಳುವಾಗಿ ಗ್ರೀಸು ಸಾಕು. ಯಾವುದೋ ದೊಡ್ಡ ಕಂಪನಿಯ ಹೆಸರು ಅಂಟಿಸುವುದಂತೂ ಬೇಡವೇ ಬೇಡ.