ಗಾಲಿಬನ ಸಾಲು ಮತ್ತು ನಾಲ್ಕನೇ ವಾರ್ಡು

ನ್ಯಾಯಾಲಯದ ತೀರ್ಪೊಂದನ್ನು ಕಥೆ ಓದಿದಂತೆ ಓದಬಹುದೇ? ಓದಬಾರದು ಎನ್ನುತ್ತಾರೆ ನಮ್ಮ ವಕೀಲ ಮಿತ್ರರು. ಆದರೆ ತೀರ್ಪೇ ಕವಿತೆಯಿಂದ ಶುರುವಾದರೆ ನಮ್ಮಂಥವರು ಏನು ಮಾಡಬೇಕು? 2011ರ ಮಾರ್ಚ್ 7ರಂದು ಅರುಣಾ ಶಾನಭಾಗ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ್ ಸುಧಾ ಮಿಶ್ರಾ ನೀಡಿದ ತೀರ್ಪಿನ ನೆತ್ತಿಯ ಮೇಲೆ ಮಿರ್ಜಾ ಗಾಲಿಬನ ದ್ವಿಪದಿಯೊಂದಿದೆ. ಸಾವಿಗಾಗಿ ಹಂಬಲಿಸುತ್ತಿರುವವನ ಮಾತು ಅದು. ಉರ್ದು ಶಾಲೆಯಲ್ಲಿ ಕಲಿತ ನಮಗೆ ಬಾಯಿಪಾಠವಾಗಿದ್ದದ್ದು. ದೇಶದ ಅತ್ಯುನ್ನತ ನ್ಯಾಯಾಲಯ ಗಾಲಿಬನನ್ನು ನೆನೆಯಿತಲ್ಲ ಎಂದು ಹಿಗ್ಗಿದೆವು. ಆಮೇಲೆ ತೀರ್ಪನ್ನು ಪೂರ್ತಿ ಓದಿದೆವು.

ಕಥೆ ಗೊತ್ತಿಲ್ಲದ ಕಿರಿಯರಿಗಾಗಿ ಎರಡು ಮಾತು. ಅರುಣಾ ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರ ನವೆಂಬರ್ 27ರಂದು, ಇಪ್ಪತ್ತೈದರ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯೊಳಗೆ ಅಲ್ಲಿನ ಸಫಾಯಿ ನೌಕರನೊಬ್ಬ ಆಕೆಯ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಲೈಂಗಿಕ ಹಲ್ಲೆ ನಡೆಸಿದ. ಮಿದುಳಿಗೆ ಆಮ್ಲಜನಕ ಹೋಗದೆ ಆಕೆ ಮತ್ತೆ ಏಳಲಿಲ್ಲ. ಅವನಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗೆ ಮಾತ್ರ, ಏಳು ವರ್ಷ. ಆಕೆ ಮಲಗಿದ್ದು 2015ರ ಮೇ 18ರವರೆಗೆ, ಹತ್ತಿರ ಹತ್ತಿರ ನಲವತ್ತೆರಡು ವರ್ಷ. ನಾಲ್ಕನೇ ವಾರ್ಡಿಗೆ ಸೇರಿದ ಒಂದು ಕೋಣೆಯಲ್ಲಿ, ಆ ಆಸ್ಪತ್ರೆಯ ನರ್ಸುಗಳ ಕೈಯಲ್ಲಿ.

ಆಕೆಯ ಬದುಕಿನ ಬಗ್ಗೆ 1998ರಲ್ಲಿ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ಕೋರ್ಟಿಗೆ ಹೋದರು. ಆಸ್ಪತ್ರೆಯ ಸಿಬ್ಬಂದಿ ಆಗದು ಎಂದರು. ಕೋರ್ಟು ಸಿಬ್ಬಂದಿಯ ಮಾತನ್ನು ಎತ್ತಿಹಿಡಿಯಿತು.

ಇಲ್ಲೇ ಗಾಲಿಬನ ಸಾಲಿನ ತೊಡಕು. ಅವನ ಪ್ರೇಮಿಗೆ ನಾಲಿಗೆಯಿದೆ, ಹಂಬಲವಿದೆ, ಹಂಬಲವನ್ನು ಚಂದವಾಗಿ ಹೇಳುವ ಗತ್ತೂ ಇದೆ. ಅರುಣಾಳಿಗೆ ಇವು ಯಾವುವೂ ಇರಲಿಲ್ಲ. ಆಕೆ ಸಾವನ್ನು ಬಯಸಿದಳೋ ಇಲ್ಲವೋ ಯಾರಿಗೂ ತಿಳಿಯದು. ಆ ಕಾರಣಕ್ಕೇ ಅಲ್ಲವೇ ಮೊಕದ್ದಮೆ ನಡೆದದ್ದು? ದ್ವಿಪದಿ ಒಂದು ಉತ್ತರ ಕೊಡುತ್ತದೆ, ತೀರ್ಪು ಅದಕ್ಕೆ ವಿರುದ್ಧವಾದುದನ್ನು ಹೇಳಿ ಮುಗಿಯುತ್ತದೆ. ಕಾಯಿಲೆ ಬಿದ್ದರೆ ತೀಮಾರ್‌ದಾರರೇ, ಅಂದರೆ ಆರೈಕೆ ಮಾಡುವವರೇ, ಇಲ್ಲದ ಕಡೆ ಇರಬೇಕೆಂದು ಬಯಸುವ ಗಜಲೂ ಗಾಲಿಬನದೇ. ಹಾಸಿಗೆ ಹಿಡಿದವರ ವಿಷಯದಲ್ಲಿ ಕೇಳಬೇಕಾದ ಕವಿ ಅವನಲ್ಲವೇನೋ!

ನಮ್ಮ ಮಟ್ಟಿಗೆ ಆ ತೀರ್ಪಿನ ಕಾವ್ಯ ಬೇರೆ ಕಡೆ ಇದೆ. ಸಿಬ್ಬಂದಿಯ ಹೇಳಿಕೆಗಳಲ್ಲಿ, ವೈದ್ಯರ ವರದಿಯಲ್ಲಿ, ಅಲಂಕಾರವಿಲ್ಲದ ಸಾಲುಗಳಲ್ಲಿ ಅಡಗಿದೆ. ಮೀನು, ಕೋಳಿ ಸಾರು ಎಂದರೆ ಆಕೆಗೆ ಇಷ್ಟ. ಅನ್ನವನ್ನು ಹಿಸುಕಿ ಬಾಯಿಗಿಡುತ್ತಿದ್ದರು; 2010ರಲ್ಲಿ ಮಲೇರಿಯಾ ಬಂದ ಮೇಲೆ ನಳಿಗೆ ಹಾಕಬೇಕಾಯಿತು. ಕೋಣೆಯಲ್ಲಿ ಜನ ಹೆಚ್ಚಾದರೆ ಕೂಗಾಡುತ್ತಾಳೆ. ಅಷ್ಟು ವರ್ಷ ಮಲಗಿದ್ದರೂ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇಲ್ಲ. ಇನ್ನೊಂದು ಸಾಲು ನಮ್ಮನ್ನು ಕೆಲವು ದಿನ ಕಾಡಿತು. ನಿವೃತ್ತ ನರ್ಸ್ ಒಬ್ಬರು, ಸಂಬಳ ಬೇಡ, ಬಂದುಹೋಗುವ ಖರ್ಚೂ ಬೇಡ, ಅರುಣಾಳನ್ನು ನೋಡಿಕೊಳ್ಳಲು ಬಿಡಿ ಎಂದು ಕೇಳಿದ್ದಾರೆ.

ಬಂದುಹೋಗುವ ಖರ್ಚು! ಕಥೆಗಾರರಾಗಿ ಹೇಳುತ್ತೇವೆ, ಇದನ್ನು ಕಲ್ಪಿಸಿ ಬರೆಯುವ ಶಕ್ತಿ ನಮಗಿಲ್ಲ. ನಾವಾಗಿದ್ದರೆ ಆಕೆಯ ಕಣ್ಣಲ್ಲಿ ನೀರು ತರಿಸುತ್ತಿದ್ದೆವು. ಆಕೆಗೆ ಹೊಳೆದದ್ದು ಮುಂಬಯಿಯಲ್ಲಿ ದಿನವೂ ಬಂದುಹೋಗುವವರಿಗೆ ಹೊಳೆಯುವ ಲೆಕ್ಕ.

ಹಾಸಿಗೆ ಹುಣ್ಣಿನ ಮಾತನ್ನೂ ಸುಮ್ಮನೆ ದಾಟಿ ಹೋಗುವಂತಿಲ್ಲ. ಅಲುಗಾಡದ ಮೈಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ. ಒದ್ದೆಯಾದ ಬಟ್ಟೆ ತಕ್ಷಣ ತೆಗೆಯಬೇಕು, ಚರ್ಮ ಒಣಗಿಸಬೇಕು, ಹೊದಿಕೆಯ ಸುಕ್ಕು ಬಿಡಿಸಬೇಕು, ಹಿಮ್ಮಡಿ ಸೊಂಟಗಳನ್ನು ನೋಡುತ್ತಿರಬೇಕು. ನಮ್ಮ ಅಮ್ಮಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ಎರಡನೇ ವಾರದಲ್ಲೇ ಬೆನ್ನಿನ ಕೆಳಗೆ ರೂಪಾಯಿಯಗಲ ಕೆಂಪು ಕಾಣಿಸಿತು. ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಒಬ್ಬಳೇ ನರ್ಸ್. ನಾವು ಗಾಬರಿಯಾಗಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಆಕೆ, "ಅಳೋದು ಆಮೇಲೆ ಸಾರ್, ಮೊದಲು ಬೆಡ್‌ಶೀಟಿನ ಆ ತುದಿ ಹಿಡ್ಕೊಳ್ಳಿ. ಅಜ್ಜೀ, ಈ ಕಡೆ ತಿರುಗೋಣ್ವಾ?" ಎಂದಳು. ಅಮ್ಮಿಗೆ ಕನ್ನಡ ಅಷ್ಟಾಗಿ ಬಾರದು, ಆ ಹೊತ್ತಿನಲ್ಲಿ ಮಾತೂ ನಿಂತುಹೋಗಿತ್ತು. ಆದರೂ ಆ ಹುಡುಗಿ ಪ್ರತಿ ಸಲ ಅಪ್ಪಣೆ ಕೇಳಿಯೇ ತಿರುಗಿಸುತ್ತಿದ್ದಳು.

ಇಂಥದ್ದನ್ನು ನಲವತ್ತೆರಡು ವರ್ಷ ಒಬ್ಬರಿಂದ ಮಾಡಲಾಗದು. 1973ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಕೆಲಸಕ್ಕೆ ಸೇರಿದವಳೂ 2015ರ ಹೊತ್ತಿಗೆ ನಿವೃತ್ತಳಾಗಿರಲೇಬೇಕು. ಅಂದರೆ ಕೊನೆಯ ವರ್ಷಗಳಲ್ಲಿ ಅರುಣಾಳ ತಲೆ ಬಾಚಿದವರು ಆಕೆ ನಗುತ್ತ ಓಡಾಡಿದ್ದನ್ನು ಕಂಡವರಲ್ಲ. ಜೊತೆ ಕೆಲಸ ಮಾಡಿದವಳೆಂಬ ನೆನಪಾಗಲಿ ರಕ್ತಸಂಬಂಧವಾಗಲಿ ಅವರಿಗಿರಲಿಲ್ಲ. ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ಹೇಳಿ ಹೋದದ್ದೇ ಅವರಿಗಿದ್ದ ಆಧಾರ. ಕರುಣೆ ಎಂದರೆ ಒಬ್ಬರ ಎದೆಯಲ್ಲಿ ಹುಟ್ಟಿ ಅಲ್ಲೇ ಉಳಿಯುವ ಭಾವನೆ ಎಂದು ನಂಬಿಕೊಂಡ ನಮ್ಮ ಸಾಹಿತ್ಯಕ್ಕೆ, ಪಾಳಿಯಿಂದ ಪಾಳಿಗೆ ಹಸ್ತಾಂತರವಾಗುವ ಕರುಣೆಯನ್ನು ಬರೆಯುವ ಬಗೆ ಗೊತ್ತಿಲ್ಲ. ಆದ್ದರಿಂದ 'ದೇವತೆ', 'ತಾಯಿ' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಕೋರ್ಟು ಕೂಡ ಹೊಗಳಿಕೆಯಲ್ಲಿ ಜಿಪುಣತನ ತೋರಲಿಲ್ಲ. ಪ್ರತಿಯೊಬ್ಬ ಭಾರತೀಯನೂ ಇವರ ಬಗ್ಗೆ ಹೆಮ್ಮೆಪಡುತ್ತಾನೆ ಎಂದಿತು. ಸರಿಯೇ. ಆದರೆ ದೇವತೆಗಳು ಮುಷ್ಕರ ಹೂಡುವುದಿಲ್ಲ. ಈ ನರ್ಸುಗಳು ಹೂಡಿದರು. 1973ರ ಹಲ್ಲೆಯ ನಂತರ ಮುಂಬಯಿಯ ನರ್ಸುಗಳು ಕೆಲಸ ನಿಲ್ಲಿಸಿ, ಅರುಣಾಳಿಗೆ ಚಿಕಿತ್ಸೆಯನ್ನೂ ತಮಗೆ ಭದ್ರತೆಯನ್ನೂ ಕೇಳಿದರು. 80ರ ದಶಕದಲ್ಲಿ ಹಾಸಿಗೆ ತೆರವು ಮಾಡಲು ಮಹಾನಗರ ಪಾಲಿಕೆ ಆಕೆಯನ್ನು ಬೇರೆಡೆಗೆ ಸಾಗಿಸಹೊರಟಾಗ ಅಡ್ಡನಿಂತು ಅದನ್ನು ತಪ್ಪಿಸಿದವರೂ ಇವರೇ. ತಾಯ್ತನದ ಮಾತಾಡುವವರು ಈ ಎರಡು ಸಂಗತಿಗಳನ್ನು ಯಾಕೋ ಮರೆಯುತ್ತಾರೆ. 2024ರ ಆಗಸ್ಟಿನಲ್ಲಿ ಕೊಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬಳ ಅತ್ಯಾಚಾರ, ಕೊಲೆ ನಡೆದಾಗ ಸುಪ್ರೀಂ ಕೋರ್ಟು ಅರುಣಾಳ ಹೆಸರನ್ನು ಮತ್ತೆ ಎತ್ತಬೇಕಾಗಿ ಬಂತು.

ಹಾಗೆಂದು ನರ್ಸುಗಳ ಪಕ್ಷವೇ ಪೂರ್ತಿ ಸರಿ ಎನ್ನಲು ನಮಗೆ ಧೈರ್ಯವಿಲ್ಲ. ಪಿಂಕಿ ವಿರಾನಿಯನ್ನು ಕೊಲ್ಲಿಸಲು ಹೊರಟವಳೆಂಬಂತೆ ಬೈದವರುಂಟು, ಅದು ಅನ್ಯಾಯ. ಎಲ್ಲರೂ ಮರೆತಿದ್ದ ಹೆಣ್ಣನ್ನು ನೆನಪಿಸಿದವರು ಅವರು. ಅವರ ಅರ್ಜಿಯ ನೆಪದಲ್ಲೇ, ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವಾಧಾರ ಚಿಕಿತ್ಸೆಯನ್ನು ಹೈಕೋರ್ಟಿನ ಒಪ್ಪಿಗೆ ಪಡೆದು ನಿಲ್ಲಿಸಬಹುದೆಂದು ದೇಶದಲ್ಲಿ ಮೊದಲ ಬಾರಿಗೆ ತೀರ್ಮಾನವಾದದ್ದು. ಅಷ್ಟು ವರ್ಷ ಆರೈಕೆ ಮಾಡಿದವರಿಗೆ ರೋಗಿ ತಮ್ಮವಳಾಗಿಬಿಡುತ್ತಾಳೆ. ತಮ್ಮವಳಾದ ಮೇಲೆ ಬಿಟ್ಟುಕೊಡಲು ಕೈ ಬರುವುದಿಲ್ಲ. ಮೀನು ಬಾಯಿಗಿಟ್ಟಾಗ ಆಕೆಯ ಮುಖದಲ್ಲಿ ಮೂಡಿದ್ದು ನಗುವೋ, ನಗುವಾಗಲಿ ಎಂದು ಕಾದವರ ಕಣ್ಣಿನ ಆಸೆಯೋ? ಆ ಕೋಣೆಯಲ್ಲಿ ನಾವು ಎಂದೂ ನಿಂತವರಲ್ಲ. ನಿಂತಿದ್ದವರ ಮಾತಿಗೆ ಹೆಚ್ಚು ತೂಕವಿರಬೇಕು ಎಂದಷ್ಟೇ ಹೇಳಬಲ್ಲೆವು. ತಾನಾಗಿ ಮಾತಾಡಲಾಗದವರ ಪರ ಮಾತಾಡುವವರನ್ನು ಕಾನೂನು 'ನೆಕ್ಸ್ಟ್ ಫ್ರೆಂಡ್' ಎನ್ನುತ್ತದೆ. ಆ ಸ್ಥಾನ ಪುಸ್ತಕ ಬರೆದವರದಲ್ಲ, ಆಸ್ಪತ್ರೆಯ ಸಿಬ್ಬಂದಿಯದು ಎಂದು 2011ರ ತೀರ್ಪು ಹೇಳಿತು. ಬರಹಗಾರರಾದ ನಮಗೆ ಆ ಮಾತು ಸ್ವಲ್ಪ ಚುಚ್ಚಿದರೂ ಒಪ್ಪಿಕೊಂಡೆವು.

ಆಮೇಲೆ ಕಾನೂನು ಮುಂದೆ ಹೋಗಿದೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವ ಮೊದಲು ಎರಡು ಮಂಡಳಿಗಳು ಪರಿಶೀಲಿಸಬೇಕು, ಒಂದೊಂದರಲ್ಲೂ ಮೂವರು ವೈದ್ಯರು. ಮನೆಯವರ ಒಪ್ಪಿಗೆಯೂ ಬೇಕು. ರಾತ್ರಿ ಎರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸುವವಳಿಗೆ, ಯಾವ ಸ್ಪರ್ಶಕ್ಕೆ ಆ ಮೈ ಬೆದರುತ್ತದೆ, ಯಾವುದಕ್ಕೆ ಸುಮ್ಮನಾಗುತ್ತದೆ ಎಂದು ಬಲ್ಲವಳಿಗೆ, ಆ ಮಂಡಳಿಗಳಲ್ಲಿ ಕಡ್ಡಾಯವಾದ ಒಂದು ಕುರ್ಚಿಯೂ ಇಲ್ಲ. ಅರುಣಾ ಪ್ರಕರಣದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಅವರ ಮಾತು ಕೇಳಿತ್ತು. ಬಸ್‌ಚಾರ್ಜನ್ನೂ ಕೇಳದೆ ಬರಲು ಸಿದ್ಧಳಿದ್ದ ಆ ನಿವೃತ್ತ ನರ್ಸು, ಇಂದು ನಮ್ಮದೇ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಆ ಮಂಡಳಿಯ ಮುಂದೆ ಬಂದರೆ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಬೇಕಾಗುತ್ತದೆ.