ಹಳೆಯ ಲೆನ್ಸಿನ ಕಲೆಗಳು
ಜಪಾನಿನ ಅಸಾಹಿ ಸಂಸ್ಥೆಯು 1960ರ ದಶಕದಲ್ಲಿ ಹೊರತಂದ 50 ಮಿ.ಮೀ. ಎಫ್ 1.4 ಸೂಪರ್ ಟಕುಮಾರ್ ಲೆನ್ಸಿನ ಕಪ್ಪು ಬಣ್ಣ ಸವೆದು ಲೋಹ ಇಣುಕುತ್ತಿದ್ದರೆ, ಅದು ಹಲವು ಬೆರಳುಗಳು ಫೋಕಸ್ ಬಳೆಯನ್ನು ತಿರುಗಿಸಿದ ಗುರುತೇ ಹೊರತು ಚಿತ್ರ ಕೆಡಿಸುವ ದೋಷವಲ್ಲ. ಮುಂಗಾಜಿನ ಕೂದಲೆಳೆಯಂಥ ಗೀರೂ ಸಾಮಾನ್ಯವಾಗಿ ಚಿತ್ರದಲ್ಲಿ ಮೂಡುವುದಿಲ್ಲ. ಹಿಂಗಾಜಿನ ಗೀರನ್ನು ಮಾತ್ರ ಅಷ್ಟು ಸುಲಭವಾಗಿ ಕಡೆಗಣಿಸಲಾಗದು. ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದಾಗ ಜೇಡರ ಬಲೆಯಂತೆ ಕವಲೊಡೆದು ಕಾಣುವ ಬೂಷ್ಟು, ಪ್ರತಿಫಲನ ತಗ್ಗಿಸಲು ಗಾಜಿಗೆ ಲೇಪಿಸಿದ ತೆಳುಪದರವಾದ ಕೋಟಿಂಗನ್ನೇ ಕೊರೆಯಬಲ್ಲದಾದ್ದರಿಂದ, ಕೊಳ್ಳುವವರು ನಿಜವಾಗಿ ಅಂಜಬೇಕಾದದ್ದು ಅದಕ್ಕೆ. ಇದೇ ಲೆನ್ಸಿನ ಏಳು ಗಾಜುಗಳ ಆವೃತ್ತಿಯಲ್ಲಿ ಕಾಣುವ ಚಹಾ ಬಣ್ಣದ ಹಳದಿಯಾದರೋ, ಗಾಜಿನಲ್ಲಿ ಬೆರೆತ ಥೋರಿಯಂ ಎಂಬ ವಿಕಿರಣಶೀಲ ಲೋಹದಿಂದ ದಶಕಗಳ ಕಾಲ ನಿಧಾನವಾಗಿ ಮೂಡಿದ್ದು. ನೇರಳಾತೀತ ಬೆಳಕಿಗೆ ಕೆಲವು ದಿನ ಒಡ್ಡಿದರೆ ಅದು ಬಹುಮಟ್ಟಿಗೆ ಕರಗಿ, ಗಾಜು ಮತ್ತೆ ತಿಳಿನೀರಿನಂತಾಗುವ ಪರಿ ಬೆರಗು ಹುಟ್ಟಿಸುತ್ತದೆ.