ಬಿಟ್ಟವರ ಲೆಕ್ಕ, ಮನೆಯವರ ಮಾತು

ಮದ್ಯವರ್ಜನ ಶಿಬಿರದ ಬ್ಯಾನರಿನಲ್ಲಿ ದೊಡ್ಡದಾಗಿ ಕಾಣುವುದು ಅದು ಎಷ್ಟನೆಯದು ಎಂಬ ಸಂಖ್ಯೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಗಳು ನಡೆಸಿದ ಇಂಥ ಶಿಬಿರಗಳು ಸಾವಿರ ದಾಟಿ ಎಷ್ಟೋ ಕಾಲವಾಯಿತು. ಎಂಟು ದಿನ ಒಂದೇ ಸೂರಿನಡಿ ಊಟ, ಭಜನೆ, ಆಪ್ತಸಲಹೆ. ಆಮೇಲೆ, ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ. ಸಣ್ಣ ಕೆಲಸವಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 38 ಮದ್ಯವ್ಯಸನಿಗಳಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಿದ ನಾಡಿದು. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ನನ್ನ ತಕರಾರು ಬೇರೆ. ಶಿಬಿರದ ಲೆಕ್ಕಕ್ಕೆ ಸಿಗುವವನು ‘ಬಿಟ್ಟವನು’ ಮಾತ್ರ. ಅವನು ಅಪ್ಪನಾಗಿ ಹೇಗಿದ್ದ ಎಂದು ಕೇಳುವ ಕಾಲಂ ಇಲ್ಲ. ‘ಬಿಟ್ಟೀರೇನು?’ ಎಂದರೆ ಹೌದು, ಇಲ್ಲ, ಅಷ್ಟೇ. ‘ಕುಡಿದ ದಿನ ಹುಡುಗರಿಗೆ ಯಾರು ಉಣ್ಣಾಕ ಹಾಕ್ತಾರ?’ ಎಂದು ಕೇಳಿ ನೋಡಿ. ‘ಅವತ್ತ ಅವರ ಆಯಿ ಮನಿಗೆ ಕಳಸ್ತೀನ್ರಿ’ ಎಂಬ ಉತ್ತರ ಬಂದರೆ ಅದರೊಳಗೆ ನಾಚಿಕೆಯೂ ಇದೆ, ಮಕ್ಕಳ ಕಾಳಜಿಯೂ ಇದೆ. ವ್ಯಸನಿ ತಂದೆತಾಯಿಯರ ಜೊತೆ ಕೂತು ಮಾತಾಡಿಸುವ ಗುಣಾತ್ಮಕ ಸಂಶೋಧನೆಯ ಹೆಚ್ಚುಗಾರಿಕೆ ಇಲ್ಲೇ ಇದೆ. ಇನ್ನು ಕುಡಿಯುವ ತಾಯಿ? ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಬರುವ ಹೆಣ್ಣುಮಗಳು ಸಂಜೆ ಒಂದು ಪಾಕೀಟು ಕುಡಿದಳು ಎನ್ನಿ, ಗಂಡಸರಿಗಾಗಿಯೇ ಕಟ್ಟಿದ ಶಿಬಿರದಲ್ಲಿ ಅವಳಿಗೆ ಚಾಪೆ ಎಲ್ಲಿ? ಬಾಯಿ ಬಿಟ್ಟರೆ ಓಣಿಯ ಮಾತು, ನಾಳೆ ಮಗಳ ಮದುವೆಗೂ ಅಡ್ಡಿ.

ಹಾಗೆಂದು ಸಂಶೋಧಕರನ್ನೂ ಸುಮ್ಮನೆ ಹೊಗಳಲಾರೆ. ದಸರೆಯಲ್ಲಿ ದೇವರಗುಡ್ಡದ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ, ಅಂದರೆ ಭವಿಷ್ಯವಾಣಿ, ಒಂದೇ ಸಾಲು; ರೈತ ಅದರಲ್ಲಿ ಮಳೆ ಕಂಡರೆ ಪುಢಾರಿ ಕುರ್ಚಿ ಕಾಣುತ್ತಾನೆ. ಸಂದರ್ಶನದ ಮಾತಿಗೂ ಇದೇ ಗತಿ. ಆದರೆ ಕಾರಣಿಕದ ಅರ್ಥಕ್ಕೆ ಕಟ್ಟೆಯ ಮೇಲೆ ಕೂತ ಯಾರು ಬೇಕಾದರೂ ತಕರಾರು ತೆಗೆಯಬಹುದು. ಪ್ರಬಂಧದಲ್ಲಿ ಅಚ್ಚಾದ ಅರ್ಥ, ಮಾತು ಕೊಟ್ಟವಳ ಕೈಗೆ ಬರುವುದೇ ಅಪರೂಪ. ಬಂದರೂ ಇಂಗ್ಲಿಷಿನಲ್ಲಿ!

ಮನೆಯವರ ಮಾತು ಕೇಳುವುದನ್ನು ನವಜೀವನ ಸಮಿತಿಯ ಸಭೆಗಳಲ್ಲೇ ಶುರು ಮಾಡಬಹುದು. ಹೆಂಡತಿ, ಮಕ್ಕಳನ್ನು ಗಂಡನ ಎದುರಲ್ಲದೆ ಬೇರೆ ಕೂರಿಸಿ ಕೇಳಬೇಕು. ಅಂಗನವಾಡಿ ಟೀಚರ್ ತಲೆಗೆ ಇನ್ನೊಂದು ರಿಜಿಸ್ಟರ್ ಕಟ್ಟುವುದು ಬೇಡ, ಅವರಿಗೆ ಇರುವುದೇ ಸಾಕು. ತರಬೇತಿ ಪಡೆದ ಆಪ್ತಸಲಹೆಗಾರ್ತಿಯೇ ಬರೆದುಕೊಂಡು, ಬರೆದದ್ದನ್ನು ಮಾತು ಕೊಟ್ಟವರಿಗೇ ಓದಿ ಹೇಳಲಿ. ಬೇಡ ಎಂದ ಸಾಲನ್ನು ಅವರೆದುರೇ ಹೊಡೆದುಹಾಕಲಿ.